ಹೊಡತ ಕಮ್ಮಿ ಮಾಡ್ತೀನ್ರಿ

ಜಾತ್ರೆ ಬ್ಯಾನರಿನಲ್ಲಿ ದೇಣಿಗೆ ಕೊಟ್ಟವರ ಹೆಸರೆಲ್ಲ ಮಸುಕು. ಸಣ್ಣ ಅಕ್ಷರಗಳ ಸುತ್ತ ಪುಡಿ ಉದುರಿಸಿದ ಹಾಗೆ ಚುಕ್ಕೆಗಳು. ಗದಗದ ಆ ಫ್ಲೆಕ್ಸ್ ಅಂಗಡಿಯ ಮಾಲೀಕರು ನೋಡಿದ ಕೂಡಲೇ ಮಷೀನ್ ನಡೆಸುವ ಹುಡುಗನ ಮೇಲೆ ರೇಗಿದರು. "ಹೆಡ್ ಕ್ಲೀನ್ ಮಾಡಲೇ, ಎಷ್ಟ್ ಸಲ ಹೇಳಬೇಕು?" ಹೆಡ್ ಅಂದರೆ ಮಷೀನಿನಲ್ಲಿ ಇಂಕ್ ಚಿಮ್ಮಿಸುವ ಭಾಗ. ಹುಡುಗ ಜಗ್ಗಲಿಲ್ಲ. "ಹೆಡ್ ಚಲೋ ಐತ್ರಿ ಅಣ್ಣಾ. ಬಿಸಲಿಗೆ ಇಂಕ್ ತೆಳ್ಳಗಾಗೇತಿ. ಹೊಡತ ಕಮ್ಮಿ ಮಾಡ್ತೀನ್ರಿ."

ವಾರವೆಲ್ಲ ಅದೇ ಮಾತು ತಲೆಯಲ್ಲಿದೆ. ಯಾಕಂದರೆ ಅವನು ಹೇಳಿದ್ದು ಪೂರ್ತಿ ನಿಜ.

ಈ ಮಷೀನುಗಳ ಹೆಡ್ಡಿನಲ್ಲಿ ಪಿಯೆಜೊ ಅನ್ನೋ ವಸ್ತು ಇರುತ್ತದೆ. ವೋಲ್ಟೇಜ್ ಕೊಟ್ಟರೆ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಹುಡುಗ ಹೊಡತ ಅಂದದ್ದು ಈ ವೋಲ್ಟೇಜಿಗೇ. ಸಾಮಾನ್ಯವಾಗಿ ಮೊದಲು ಇಂಕನ್ನು ಚೂರು ಒಳಗೆಳೆದು ಆಮೇಲೆ ದಬ್ಬುತ್ತದೆ, ಹನಿ ಹೊರಟ ಮೇಲೂ ಒಳಗಿನ ಇಂಕ್ ತುಯ್ದಾಡುತ್ತಲೇ ಇರುತ್ತದೆ, ಅದು ಸುಮ್ಮನಾಗದೆ ಇನ್ನೊಂದು ಹನಿ ಬಿಟ್ಟರೆ ಅಳತೆ ಕೆಡುತ್ತದೆ. ಇದೆಲ್ಲ ಸೆಕೆಂಡಿಗೆ ಸಾವಿರಾರು ಸಲ. ಹನಿಯ ಅಳತೆ ಪಿಕೋಲೀಟರಿನಲ್ಲಿ, ಅಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು! ಇಂಕ್ ತೆಳ್ಳಗಾದರೆ ಅದೇ ವೋಲ್ಟೇಜಿಗೆ ಹನಿ ಜೋರಾಗಿ ಹಾರುತ್ತದೆ. ಬಾಲ ಉದ್ದವಾಗಿ ಹರಿದು ಮರಿಹನಿಗಳಾಗುತ್ತದೆ. ಅವು ತಡವಾಗಿ ಬಂದು, ಓಡುವ ಹೆಡ್ಡಿನ ಜೊತೆ ಪಕ್ಕಕ್ಕೆ ಸರಿದು ಬೀಳುತ್ತವೆ. ನಮ್ಮ ಬ್ಯಾನರಿನ ಚುಕ್ಕೆಗಳು ಅವೇ. ಕ್ಲೀನ್ ಮಾಡಿದ್ದರೆ ಸುಮ್ನೆ ಇಂಕ್ ಹಾಳಾಗುತ್ತಿತ್ತು.

ಹುಡುಗ ವೋಲ್ಟೇಜ್ ಇಳಿಸಿದ. ಟೆಸ್ಟ್ ಪ್ರಿಂಟ್ ತೆಗೆದು ಬೆಳಕಿಗೆ ಹಿಡಿದ. ಇನ್ನೂ ಚೂರು ಇಳಿಸಿದ. ಜಾಸ್ತಿ ಇಳಿಸಿದರೆ ಹನಿ ಹೊರಡುವುದೇ ಇಲ್ಲ, ಗೆರೆ ಕಡಿಯುತ್ತದೆ. "ಈಗ ಹೆಸರು ಓದಾಕ ಬರ್ತಾವೇನ್ ನೋಡ್ರಿ ಸರ" ಅಂದ. ಎಲ್ಲ ಹೆಸರೂ ನೀಟಾಗಿ ಬಂದಿದ್ದವು.

ಮಾಲೀಕರು ಕೆಟ್ಟವರಲ್ಲ. ಆದರೆ ಕೇಳುವ ತಾಳ್ಮೆ ಇಲ್ಲ. ಆಮೇಲೆ ನನ್ನ ಹತ್ತಿರ "ಬಟನ್ ಒತ್ತಾವ್ರಿ ಅವ" ಅಂದರಲ್ಲ, ಅದು ಚುಚ್ಚಿತು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರ ಕೈಚಳಕವನ್ನು ಈಗಲೂ ಹೊಗಳುತ್ತೇವೆ, ಹನಿಯನ್ನು ಹದಕ್ಕೆ ತರುವ ಈ ಹುಡುಗನದು ಯಾಕೆ ಲೆಕ್ಕಕ್ಕಿಲ್ಲ? 1977ರಲ್ಲಿ ಕ್ಯಾನನ್ ಕಂಪನಿಯ ಲ್ಯಾಬಿನಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಸಿರಿಂಜಿಗೆ ತಗುಲಿ ಇಂಕ್ ಚಿಮ್ಮಿತು. ಅಲ್ಲಿದ್ದವರು ಅದನ್ನು ಗಮನಿಸಿದ್ದಕ್ಕೇ ಬಿಸಿಯಿಂದ ಹನಿ ಹಾರಿಸುವ ಅವರ ಪ್ರಿಂಟರ್ ಹುಟ್ಟಿತು. ಇವನೂ ಗಮನಿಸಿದ, ಅಲ್ವಾ? ಅವನ ಪಗಾರ ಹೆಚ್ಚಿಸ್ರಿ ಅಂತ ಮಾಲೀಕರಿಗೆ ನೇರವಾಗಿಯೇ ಹೇಳಿ ಬಂದೆ.