ದೊಡ್ಡಮ್ಮನ ಹಪ್ಪಳ ಮತ್ತು ಲಿಫ್ಟ್‌ನಲ್ಲಿ ಕೊಟ್ಟ ಮುತ್ತು

ಮೇ ತಿಂಗಳಲ್ಲಿ ಸಾಗರದ ಹತ್ತಿರದ ದೊಡ್ಡಮ್ಮನ ಮನೆಗೆ ಹೋಗುವಾಗ ನಾನು ಭಾರದ ಪುಸ್ತಕ ಒಯ್ಯುವುದಿಲ್ಲ. ಆ ಸೆಖೆಗೆ ತಲೆ ಕೆಡಿಸುವ ಓದು ಹೊಂದುವುದಿಲ್ಲ. ಊಟ ಮುಗಿಸಿ ಓದುತ್ತಾ ಓದುತ್ತಾ ನಿದ್ದೆ ಹತ್ತಿದರೆ ನನಗೂ ಬೇಸರ ಆಗಬಾರದು, ಪುಸ್ತಕಕ್ಕೂ ಆಗಬಾರದು.

ಈ ಸಲ ಬ್ಯಾಗಿನಲ್ಲಿದ್ದದ್ದು ಸ್ಯಾಲಿ ಥಾರ್ನ್ ಬರೆದ ‘ದಿ ಹೇಟಿಂಗ್ ಗೇಮ್’. ಈಕೆ ಆಸ್ಟ್ರೇಲಿಯಾದವರು. 2016ರಲ್ಲಿ ಬಂದ ಇದು ಅವರ ಮೊದಲ ಕಾದಂಬರಿ, 2021ರಲ್ಲಿ ಸಿನಿಮಾ ಕೂಡ ಆಯಿತು. ಕಥೆಯಲ್ಲಿ ಎರಡು ಪ್ರಕಾಶನ ಸಂಸ್ಥೆಗಳು ಬೇರೆ ದಾರಿ ಕಾಣದೆ ಒಂದಾಗಿವೆ. ಹಾಗಾಗಿ ಸಿಇಒಗಳೂ ಇಬ್ಬರು, ಅವರ ಸಹಾಯಕರೂ ಇಬ್ಬರು. ಒಬ್ಬಳು ಲೂಸಿ, ಒಬ್ಬ ಜೋಶುವಾ. ಇಬ್ಬರ ಮೇಜೂ ಎದುರುಬದುರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ದಿನವಿಡೀ ಕಣ್ಣು ಮಿಟುಕಿಸದೆ ದುರುಗುಟ್ಟುವ ಆಟ, ಎದುರಿನವರು ಮಾಡಿದ್ದನ್ನೇ ಅಣಕಿಸುವ ಆಟ. ಅಷ್ಟರಲ್ಲಿ ಹೊಸದಾಗಿ ಒಂದು ದೊಡ್ಡ ಹುದ್ದೆ ಹುಟ್ಟಿಕೊಳ್ಳುತ್ತದೆ. ಅದು ಇಬ್ಬರಿಗೂ ಬೇಕು.

ಕೊನೆಗೆ ಏನಾಗುತ್ತದೆ ಅಂತ ರಕ್ಷಾಪುಟ ನೋಡಿದರೇ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಓದುತ್ತೇವಲ್ಲ, ಮಜಾ ಇರುವುದೇ ಅಲ್ಲಿ.

ದೊಡ್ಡಮ್ಮನ ಮನೆಯಲ್ಲಿ ಆಗ ಹಲಸಿನ ಹಪ್ಪಳದ ಕೆಲಸ ಜೋರಾಗಿ ನಡೆದಿತ್ತು. ಬಲಿತ ಕಾಯಿಯ ಸೊಳೆ ಬೇಯಿಸಿ, ಉಪ್ಪು ಖಾರ ಕೊತ್ತಂಬರಿ ಬೀಜ ಹಾಕಿ ರುಬ್ಬಿ, ಉಂಡೆ ಮಾಡಿ, ಒತ್ತಿ, ಅಂಗಳದಲ್ಲಿ ಒಣಗಿಸಬೇಕು. ಸಂಜೆಯ ಮಳೆ ಬರುವುದರೊಳಗೆ ಎಲ್ಲ ಒಳಗೆ ಬರಬೇಕು. ಕೈಗೆ ಕೆಲಸ, ಕಿವಿ ಖಾಲಿ. ನಾನು ಒಬ್ಬಳೇ ನಗುವುದನ್ನು ನೋಡಿ ದೊಡ್ಡಮ್ಮನಿಗೆ ತಡೆಯಲಿಲ್ಲ.

“ಎಂತ ಅದು? ನಮಗೂ ಹೇಳು ಮಾರಾಯ್ತಿ.”

ದೊಡ್ಡಮ್ಮ ಇಂಗ್ಲಿಷ್ ಓದುವವರಲ್ಲ. ಆದರೆ ಕಾದಂಬರಿ ಅಂದರೆ ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಸುಧಾ, ತರಂಗಗಳಲ್ಲಿ ಬರುತ್ತಿದ್ದ ಧಾರಾವಾಹಿಗಳಿಗೆ ವಾರವಿಡೀ ಕಾದವರು. ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ಸೂಜಿ ದಾರದಲ್ಲಿ ಹೊಲಿದು ಪುಸ್ತಕ ಮಾಡಿಟ್ಟವರು. ಹಾಗಾಗಿ ಓದಿದಷ್ಟನ್ನು ದಿನಾ ಹಪ್ಪಳದ ಹೊತ್ತಿಗೆ ಕನ್ನಡದಲ್ಲಿ ಹೇಳುವುದು ಅಂತಾಯಿತು.

ಮೊದಲ ಕಂತಿನಲ್ಲೇ ಜೋಶುವಾನ ಶರ್ಟಿನ ವಿಷಯ ಬಂತು. ಅವನು ಶರ್ಟುಗಳನ್ನು ಒಂದೇ ಕ್ರಮದಲ್ಲಿ ಹಾಕುತ್ತಾನೆ. ಬಿಳಿಯಿಂದ ಶುರು, ಆಮೇಲೆ ಕೆನೆ ಬಣ್ಣ, ತಿಳಿ ಹಳದಿ, ಸಾಸಿವೆ, ನೀಲಿಗಳು, ಕೊನೆಗೆ ಕಪ್ಪು. ಮುಗಿದರೆ ಮತ್ತೆ ಬಿಳಿ. ಲೂಸಿಗೆ ಇದು ಬಾಯಿಪಾಠ. ಅವನೆಂಥ ಯಂತ್ರದ ಮನುಷ್ಯ ಅಂತ ನಮಗೆ ತೋರಿಸಲು ಅವಳು ಇದನ್ನೆಲ್ಲ ಹೇಳುತ್ತಾಳೆ.

ದೊಡ್ಡಮ್ಮ ಉಂಡೆ ಒತ್ತುವುದನ್ನು ನಿಲ್ಲಿಸಿದರು. “ಅವನ ಶರ್ಟಿನ ಲೆಕ್ಕ ಇಟ್ಕೊಂಡಿದಾಳೆ, ಇನ್ನೆಂಥ ದ್ವೇಷ ಅವಳಿಗೆ? ನಂಗೆ ಆಗದ ಒಬ್ಳು ಇದಾಳೆ ಈ ಊರಲ್ಲಿ. ಅವಳು ನಿನ್ನೆ ಯಾವ ಸೀರೆ ಉಟ್ಟಿದ್ಲು ಕೇಳು, ನಂಗೊತ್ತಿಲ್ಲ.”

ನಾನು ಮಡಿಚಿಟ್ಟ ಪುಟ ಇನ್ನೂ ನಲವತ್ತನ್ನು ದಾಟಿರಲಿಲ್ಲ. ಕಥೆ ನಿಂತಿರುವುದೇ ದೊಡ್ಡಮ್ಮ ಹೇಳಿದ ಆ ಮಾತಿನ ಮೇಲೆ ಅಂತ ಮುಂದೆ ಓದಿದಾಗ ತಿಳಿಯಿತು. ಜೋಶುವಾ ಡೈರಿಯಲ್ಲಿ ದಿನಾ ಪೆನ್ಸಿಲಿನಲ್ಲಿ ಏನೋ ಗುರುತು ಹಾಕುತ್ತಿರುತ್ತಾನೆ. ತನ್ನ ಮೇಲೆ ದೂರು ಕೊಡಲು ಲೆಕ್ಕ ಇಡುತ್ತಿದ್ದಾನೆ ಅಂತ ಲೂಸಿಯ ಗುಮಾನಿ. ನೋಡಿದರೆ ಅವಳು ಆ ದಿನ ಫ್ರಾಕ್ ಹಾಕಿದ್ದಳೋ ಸ್ಕರ್ಟೋ ಅನ್ನುವುದನ್ನೂ ಅವನು ಅಲ್ಲಿ ಗುರುತು ಮಾಡಿಟ್ಟಿದ್ದಾನೆ! ಇದನ್ನು ಹೇಳಿದ ದಿನ ದೊಡ್ಡಮ್ಮನ ಮುಖ ನೋಡಬೇಕಿತ್ತು. ಹೇಳಿರಲಿಲ್ವಾ ಅನ್ನುವ ಮುಖ.

ಕಥೆಯನ್ನು ಪೂರ್ತಿ ಲೂಸಿಯೇ ಹೇಳುತ್ತಾಳೆ. ಅವನ ಮನಸ್ಸಿನೊಳಗೆ ನಮಗೆ ಪ್ರವೇಶ ಇಲ್ಲ. ಅವಳು ನೋಡಿದ್ದನ್ನು ಮಾತ್ರ ನಾವು ನೋಡುತ್ತೇವೆ. ಆದರೆ ಅವಳಿಗಿಂತ ಮೊದಲೇ ನಮಗೆ ಅರ್ಥವಾಗಿಬಿಡುತ್ತದೆ. ಬರೆಯುವುದು ಸುಲಭ ಅನಿಸಬಹುದು, ಅಲ್ಲ. ಅವಳು ದಡ್ಡಿಯಂತೆ ಕಾಣಬಾರದು, ಗುಟ್ಟೂ ಅವಳಿಗೆ ಬೇಗ ಗೊತ್ತಾಗಬಾರದು. ಅವಳ ಚುರುಕು ಮಾತು ಇದನ್ನು ಸಂಭಾಳಿಸುತ್ತದೆ.

ಲಿಫ್ಟಿನ ಪ್ರಸಂಗ ಹೇಳುವ ದಿನ ದೊಡ್ಡಪ್ಪ ಜಗಲಿಯಲ್ಲೇ ಪೇಪರ್ ಹಿಡಿದು ಕೂತಿದ್ದರು. ನಾನು ದನಿ ಇಳಿಸಿ, “ಅವನು ಲಿಫ್ಟ್ ನಿಲ್ಲಿಸಿದ” ಅಂದೆ.

“ಕರೆಂಟ್ ಹೋಯ್ತಾ?” ದೊಡ್ಡಪ್ಪನ ಪ್ರಶ್ನೆ.

“ಇಲ್ಲ ದೊಡ್ಡಪ್ಪ, ಅವನೇ ಬಟನ್ ಒತ್ತಿ ನಿಲ್ಲಿಸಿದ.”

“ಯಾಕೆ?”

“ನಿಮಗ್ಯಾಕೆ ಅದು? ಪೇಪರ್ ಓದಿ,” ಅಂದರು ದೊಡ್ಡಮ್ಮ. ಆಮೇಲೆ ನನ್ನ ಕಡೆ ಬಗ್ಗಿ, “ಹೂಂ, ಮುಂದೆ?”

ಮುಂದಿನದನ್ನು ಸ್ವಲ್ಪ ಕತ್ತರಿಸಿಯೇ ಹೇಳಿದೆ. ಜೋಶುವಾನ ಎತ್ತರ, ಅವನ ತೋಳು, ಅವನ ಎದೆ, ಇವೆಲ್ಲ ಪುಸ್ತಕದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸಲ ಬರುತ್ತವೆ. ನಾನೂ ಅಲ್ಲಲ್ಲಿ ಪುಟ ಹಾರಿಸಿದೆ. ಅವನ ಹೊಟ್ಟೆಕಿಚ್ಚು ಕೂಡ ಕೆಲವು ಕಡೆ ಅತಿಯಾಯಿತು. ನಿಜವಾದ ಆಫೀಸಿನಲ್ಲಿ ಇಂಥವನು ಎದುರಿಗೆ ಕೂತಿದ್ದರೆ ನಾನು ಮೇಜು ಬದಲಾಯಿಸಿಕೊಡಿ ಅಂತ ಕೇಳುತ್ತಿದ್ದೆ, ಖಂಡಿತ.

ದೊಡ್ಡಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಜ್ವರದ ಅಧ್ಯಾಯ. ಆಫೀಸಿನವರೆಲ್ಲ ಸೇರಿ ಪೇಂಟ್‌ಬಾಲ್ ಆಡಲು ಹೋದಾಗ ಲೂಸಿಗೆ ಹುಷಾರು ತಪ್ಪುತ್ತದೆ. ಜೋಶುವಾ ಅವಳನ್ನು ಮನೆಗೆ ಕರೆದೊಯ್ದು, ರಾತ್ರಿಯಿಡೀ ಪಕ್ಕದಲ್ಲಿದ್ದು ನೋಡಿಕೊಳ್ಳುತ್ತಾನೆ. ವಾಂತಿ ಆದಾಗಲೂ ಅಲ್ಲೇ ಇರುತ್ತಾನೆ, ಮುಖ ಸಿಂಡರಿಸುವುದಿಲ್ಲ. ನಾನು ಇಷ್ಟು ಹೇಳಿದ್ದೇ ತಡ, ದೊಡ್ಡಮ್ಮ ಜಗಲಿಯ ಕಡೆ ತಿರುಗಿ, “ಕೇಳಿಸ್ತಾ?” ಅಂದರು. ಪೇಪರು ಇನ್ನಷ್ಟು ಮೇಲೇರಿತು.

“ಇದು ನಮ್ಮ ನಂಜುಂಡಿ ಕಲ್ಯಾಣದ ಥರಾನೇ ಅಲ್ವಾ?” ಅಂತ ಒಂದು ದಿನ ಕೇಳಿದರು. ರಾಘವೇಂದ್ರ ರಾಜ್‌ಕುಮಾರ್ ಮತ್ತು ಮಾಲಾಶ್ರೀ ಜೋಡಿಯ 1989ರ ಚಿತ್ರ. ಪರ್ವತವಾಣಿಯವರ ನಾಟಕದಿಂದ ಬಂದದ್ದು, ಆ ನಾಟಕದ ಬೇರು ಶೇಕ್ಸ್‌ಪಿಯರನಲ್ಲಿದೆ. ಜಗಳದ ರುಚಿ ಅದೇ, ನಿಜ. ಆದರೆ ಅಲ್ಲಿ ಹಠಮಾರಿ ಹುಡುಗಿಯನ್ನು ಪಳಗಿಸಬೇಕು. ಈ ಪುಸ್ತಕದಲ್ಲಿ ಪಳಗಬೇಕಾದವರು ಯಾರೂ ಇಲ್ಲ. ಲೂಸಿ ಕುಳ್ಳಿ, ಸ್ಟ್ರಾಬೆರಿ ತೋಟದವರ ಮಗಳು, ಎಲ್ಲರಿಗೂ ಬೇಕಾದವಳಾಗಿರಲು ಹೋಗಿ ಎಲ್ಲರ ಕೆಲಸವನ್ನೂ ಮೈಮೇಲೆ ಎಳೆದುಕೊಳ್ಳುವವಳು. ಅವಳು ಒಳ್ಳೆಯವಳಾಗಿರುವ ಶ್ರಮವಿಲ್ಲದೆ ಇರುವುದು ಜೋಶುವಾನ ಎದುರು ಮಾತ್ರ. ಬೇಕಾದ್ದು ಅನ್ನಬಹುದು, ತಡೆದುಕೊಳ್ಳುವ ಗಟ್ಟಿ ಆಸಾಮಿ ಅವನು. ಜೇನ್ ಆಸ್ಟಿನ್ 1813ರಲ್ಲಿ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್‌’ನಲ್ಲಿ ಎಲಿಜಬೆತ್‌ಗೂ ಡಾರ್ಸಿಗೂ ಜಗಳ ಹಚ್ಚಿದಾಗಿನಿಂದ ಓದುಗರಿಗೆ ಹಿಡಿಸಿರುವುದು ಈ ಸಮಬಲವೇ ಅಂತ ನನ್ನ ಲೆಕ್ಕ. ಅಲ್ಲಿ ಡಾರ್ಸಿಯ ಮೊದಲ ಮದುವೆ ಪ್ರಸ್ತಾಪಕ್ಕೆ ಸಿಗುವ ಉತ್ತರ ಖಡಕ್ಕಾದ ‘ಇಲ್ಲ’. ದೊಡ್ಡಮ್ಮನಿಗೆ ಆ ಕಥೆಯನ್ನೂ ಚುಟುಕಾಗಿ ಹೇಳಿದೆ. “ಹಾಗೇ ಆಗ್ಬೇಕು ಅವನಿಗೆ” ಅಂದರು.

ಲೂಸಿ ಜೋಶುವಾರ ಕೊನೆ ಮಾತ್ರ ಅವರಿಗೆ ಸರಿಬರಲಿಲ್ಲ. ಹುದ್ದೆಯ ಪೈಪೋಟಿ ಮುಗಿಯುವ ಮುಂಚೆಯೇ ಜೋಶುವಾ ಬೇರೆ ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ಹಿಡಿದು ದಾರಿ ಬಿಡುತ್ತಾನೆ. ನಾನು ಇದನ್ನು ಭಾವುಕವಾಗಿಯೇ ಹೇಳಿದೆ. ದೊಡ್ಡಮ್ಮ ಕರಗಲಿಲ್ಲ.

“ಬಿಟ್ಕೊಟ್ನಾ? ಯಾರು ಕೇಳಿದ್ರು ಅವನ್ನ? ಅಷ್ಟು ದಿನ ಜಗಳ ಆಡಿಸಿ, ಕೊನೆಗೆ ಆಟನೇ ಆಡಿಸ್ಲಿಲ್ಲ. ಎದುರಿಗೆ ನಿಂತು ಅವಳೇ ಗೆಲ್ಬೇಕಿತ್ತು.”

ಪ್ರೀತಿಗಾಗಿ ಮಾಡಿದ್ದಲ್ವಾ ಅಂತ ವಾದ ಮಾಡಿ ನೋಡಿದೆ. ಅವಳೇ ಗೆಲ್ಲುತ್ತಿದ್ದಳು ಅಂತ ಅವನಿಗೂ ನಂಬಿಕೆ ಇತ್ತು ಅಂದೆ. “ನಂಬಿಕೆ ಇದ್ರೆ ಕೂತು ಸೋಲ್ಬೇಕಿತ್ತು” ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಹೊರಡುವ ದಿನ ಹಪ್ಪಳದ ಕಟ್ಟು ಕೊಡುತ್ತಾ ಆರ್ಡರ್ ಕೂಡ ಕೊಟ್ಟರು. ಮುಂದಿನ ಸಲ ಇಂಥದೇ ಇನ್ನೊಂದು ತರಬೇಕಂತೆ. ಜಗಳ ಇನ್ನೂ ಸ್ವಲ್ಪ ಜಾಸ್ತಿ ಇರಬೇಕು, ಹುಡುಗ ನಡುವೆ ಕೆಲಸ ಬಿಡಬಾರದು. ಲಿಫ್ಟ್ ಇದ್ದರೂ ಪರವಾಗಿಲ್ಲವಂತೆ.