ಗೆಲ್ಲುವವರು ಮೊದಲೇ ಗೊತ್ತಿದ್ದ ಚುನಾವಣೆಗಳು

ನಿರಂಕುಶ ಆಡಳಿತಗಳಲ್ಲಿ ನಡೆದ ಚುನಾವಣೆಗಳ ಅಂಕಿಅಂಶ ಜೋಡಿಸುವುದು ನನ್ನ ಕೆಲಸ. ನೆಂಟರು ಸಿಕ್ಕಾಗಲೆಲ್ಲ 'ಮುಂದಿನ ಸಲ ಯಾರು ಬರ್ತಾರೆ?' ಎಂದು ಕೇಳುತ್ತಾರೆ. 1976ರ ಮೆಕ್ಸಿಕೊ ಬಗ್ಗೆ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಅಧ್ಯಕ್ಷ ಹುದ್ದೆಗೆ ನೋಂದಾಯಿತ ಅಭ್ಯರ್ಥಿ ಇದ್ದದ್ದು ಒಬ್ಬರೇ, ದಶಕಗಳಿಂದ ಆಳುತ್ತಿದ್ದ ಪಿಆರ್‌ಐ ಪಕ್ಷದ ಲೋಪೆಸ್ ಪೋರ್ತಿಯೊ. ಆದರೂ ಅವರು ದೇಶವಿಡೀ ತಿರುಗಿ ಪ್ರಚಾರ ಮಾಡಿದರು.

ಎದುರಾಳಿಯೇ ಇಲ್ಲದ ಮೇಲೆ ಅಷ್ಟೊಂದು ಓಡಾಟ ಯಾಕೆ? ಸಂಶೋಧಕಿ ಬಿಯಾಟ್ರಿಸ್ ಮಗಲೋನಿ ಕೊಡುವ ಉತ್ತರ ನನಗೆ ಹೆಚ್ಚು ಹಿಡಿಸುತ್ತದೆ. ಭಾರಿ ಅಂತರದ ಗೆಲುವು ಪಕ್ಷದ ಒಳಗಿನ ಆಸೆಬುರುಕರಿಗೆ ಕೊಡುವ ಎಚ್ಚರಿಕೆ: ಹೊರಗೆ ಹೋದರೆ ನಿಮಗೆ ಏನೂ ಸಿಗಲ್ಲ. ಅಲ್ಲಿ ಅಧ್ಯಕ್ಷರಿಗೆ ಆರೇ ವರ್ಷ, ಮರುಆಯ್ಕೆ ಇಲ್ಲ. ಒಳಗೇ ಇದ್ದು ಕಾಯುವವರಿಗೆ ಸರದಿ ಬರಬಹುದು ಎಂಬ ಆಸೆ ಇದ್ದೇ ಇರುತ್ತದೆ.

ಆದರೆ ಎದುರಾಳಿ ಪೂರ್ತಿ ಇಲ್ಲದಿದ್ದರೂ ಕಷ್ಟ, ಚುನಾವಣೆಯೇ ನಾಟಕದ ಹಾಗೆ ಕಾಣುತ್ತದೆ. ಸರ್ಕಾರವೇ 1977ರಲ್ಲಿ ನಿಯಮ ಬದಲಿಸಿ, ಕೆಳಮನೆಯ 400 ಸ್ಥಾನಗಳಲ್ಲಿ 100 ವಿರೋಧ ಪಕ್ಷಗಳಿಗೆ ಸಿಗುವ ಹಾಗೆ ಮಾಡಿತು. ಉದಾರತೆ ಅಂದುಕೊಳ್ಳಬೇಡಿ. ಉಳಿದ 300 ಕ್ಷೇತ್ರಗಳು ಹೇಗೂ ಪಿಆರ್‌ಐ ಹಿಡಿತದಲ್ಲೇ ಇದ್ದವು.

ಪೆಟ್ಟು ಬಿದ್ದದ್ದು ಮನೆಯೊಳಗಿಂದಲೇ. ಮಾಜಿ ಅಧ್ಯಕ್ಷರ ಮಗ ಕ್ವೌತೆಮೊಕ್ ಕಾರ್ಡೆನಾಸ್ ಪಕ್ಷ ಬಿಟ್ಟು 1988ರಲ್ಲಿ ಎದುರು ನಿಂತರು. ಎಣಿಕೆಯ ರಾತ್ರಿ ಫಲಿತಾಂಶ ಬರುವುದೇ ನಿಂತುಹೋಯಿತು. ಕಂಪ್ಯೂಟರ್ ಕೆಟ್ಟಿದೆ ಎಂದರು. ಚುನಾವಣಾ ಆಯೋಗದ ಉಸ್ತುವಾರಿ ಸರ್ಕಾರದ ಸಚಿವರ ಕೈಯಲ್ಲೇ ಇತ್ತು. ಕೊನೆಗೆ ಪಿಆರ್‌ಐನ ಸಲಿನಾಸ್ ಶೇ 50ಕ್ಕಿಂತ ಸ್ವಲ್ಪ ಜಾಸ್ತಿ ಮತ ಪಡೆದರು ಎಂದು ಘೋಷಣೆಯಾಯಿತು. ಸಾವಿರಾರು ಬೂತ್‌ಗಳ ವಿವರ ಹೊರಗೆ ಬರಲೇ ಇಲ್ಲ. ಕೆಲ ವರ್ಷಗಳ ನಂತರ ಸಂಸತ್ತಿನ ಒಪ್ಪಿಗೆಯಿಂದಲೇ ಆ ಮತಪತ್ರಗಳನ್ನು ಸುಟ್ಟರು. ವಿರೋಧ ಪಕ್ಷವಾದ ಪಾನ್ ಕೂಡ ಅದಕ್ಕೆ ಕೈಜೋಡಿಸಿತು! ಈ ಸಂಗತಿ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈಗ ಯಾರು ಎಷ್ಟೇ ಜಾಣ ಲೆಕ್ಕ ಹಾಕಿದರೂ ಮರುಎಣಿಕೆ ಸಾಧ್ಯವಿಲ್ಲ.

ಇಂಥ ಸಂಖ್ಯೆಯನ್ನು ಹೊಸಬರು ಸುಮ್ನೆ 'ಮತ ಪ್ರಮಾಣ' ಕಾಲಂನಲ್ಲಿ ತುಂಬಿ ಮುಂದಕ್ಕೆ ಹೋಗುತ್ತಾರೆ. ನಾನು ಬಿಡುವುದಿಲ್ಲ. ಪಕ್ಕದಲ್ಲೇ ಇನ್ನೂ ಮೂರು ಕಾಲಂ ತುಂಬಬೇಕು: ಎಣಿಸಿದವರು ಯಾರು, ಬೂತ್‌ವಾರು ವಿವರ ಬಂತಾ, ಪರಿಶೀಲಿಸಲು ಮತಪತ್ರ ಉಳಿದಿತ್ತಾ. ಈ ಅಂಕಿಅಂಶದಿಂದ ಗಣಿತದ ಮಾದರಿ ಕಟ್ಟುವವರು ಇದರಿಂದ ಶೀಟ್ ಗಜಿಬಿಜಿ ಎಂದು ಗೊಣಗುತ್ತಾರೆ. ಗೊಣಗಲಿ.

ಮೆಕ್ಸಿಕೊ ಸಾಲುಗಳಲ್ಲಿ 'ಎಣಿಸಿದವರು ಯಾರು' ಕಾಲಂ ಬದಲಾಗುವುದು 1996ರಲ್ಲಿ. ಆ ವರ್ಷ ಚುನಾವಣಾ ಸಂಸ್ಥೆ ಸರ್ಕಾರದ ಹಿಡಿತದಿಂದ ಹೊರಬಂತು. 1997ರಲ್ಲಿ ಪಿಆರ್‌ಐ ಕೆಳಮನೆಯ ಬಹುಮತ ಕಳೆದುಕೊಂಡಿತು. 2000ದಲ್ಲಿ ಅಧ್ಯಕ್ಷ ಹುದ್ದೆಯೂ ಹೋಯಿತು, ಪಾನ್ ಪಕ್ಷದ ವಿಸೆಂಟೆ ಫಾಕ್ಸ್ ಗೆದ್ದರು. ಎಣಿಕೆ ಬದಲಾದದ್ದೊಂದೇ ಕಾರಣ ಅಲ್ಲ. 1994ರ ಕೊನೆಯಲ್ಲಿ ಅಲ್ಲಿನ ಹಣ ಪೆಸೊದ ಬೆಲೆ ಕುಸಿದು ಜನರ ಜೇಬು ಖಾಲಿಯಾಗಿತ್ತು. ಅದಕ್ಕೆ ಬೇರೆಯೇ ಶೀಟ್ ಇದೆ.