ಬೇಲೀಫ್ ಮನೆ ನೋಡುವವರು ಟಾರ್ಚ್ ಒಯ್ಯಿರಿ

ಕಪ್ಪು ತೊಲೆ, ಬಿಳಿ ಗೋಡೆಯ ಇಂಗ್ಲಿಷ್ ಮನೆಯ ಚಿತ್ರ ತಲೆಯಲ್ಲಿಟ್ಟುಕೊಂಡು ಸಸೆಕ್ಸ್‌ನ ಸಿಂಗಲ್‌ಟನ್‌ಗೆ ಹೋದರೆ ನಿರಾಸೆಯೇ. ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿರುವ ಅಲ್ಲಿನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂನಲ್ಲಿ ಬೇಲೀಫ್ ಎಂಬ ಹೆಸರಿನ ರೈತಮನೆಯ ಓಕ್ ಮರ ಬರೀ ಬೂದು. ತೊಲೆಗಳಿಗೆ ಕಪ್ಪು ಬಳಿಯುವ ಚಟ ಹೆಚ್ಚಿದ್ದು 19ನೇ ಶತಮಾನದಲ್ಲಿ.

ಚಿಚೆಸ್ಟರ್‌ವರೆಗೆ ರೈಲು, ಅಲ್ಲಿಂದ ಮಿಡ್‌ಹರ್ಸ್ಟ್ ಕಡೆಯ 60ನೇ ನಂಬರ್ ಬಸ್ಸು. ಇಳಿದ ತಕ್ಷಣ ವಾಪಸ್ ಬಸ್ಸಿನ ಹೊತ್ತು ನೋಡಿಕೊಳ್ಳಿ. ಒಂದು ತಪ್ಪಿದರೆ ರಸ್ತೆ ಬದಿ ಗಾಳಿಯಲ್ಲಿ ನಿಲ್ಲುವ ಶಿಕ್ಷೆ. ಭಾನುವಾರವಂತೂ ಬೇಡವೇ ಬೇಡ.

ಮನೆ ಮೂಲತಃ ಕೆಂಟ್‌ನ ಚಿಡಿಂಗ್‌ಸ್ಟನ್‌ನದು. ಜಲಾಶಯಕ್ಕಾಗಿ ಜಾಗ ಬಿಡಬೇಕಾಗಿ ಬಂದಾಗ, 1968–69ರಲ್ಲಿ ಬಿಚ್ಚಿ ತಂದರು. ಇಂಥ ಮನೆ ಬಿಚ್ಚಲು ಬರುವುದೇ ಮೊಳೆಯಿಲ್ಲದ್ದರಿಂದ: ಒಂದು ಮರದ ನಾಲಿಗೆ ಇನ್ನೊಂದರ ಗುಳಿಯಲ್ಲಿ ಕೂತು, ಅಡ್ಡಲಾಗಿ ಓಕ್ ಗೂಟ. ಎರಡೂ ಮರದ ತೂತುಗಳನ್ನು ಬೇಕೆಂದೇ ತುಸು ತಪ್ಪಿಸಿ ಕೊರೆದಿರುತ್ತಾರೆ; ಗೂಟ ಬಡಿದಾಗ ಕೀಲು ಬಿಗಿದುಕೊಳ್ಳುತ್ತದೆ. ಹಸಿ ಮರ ಒಣಗಿ ಕುಗ್ಗಿದರೂ ಸಡಿಲವಾಗದು. ಆದರೆ ಕಣ್ಣಿಗೆ ಕಾಣುವುದೆಲ್ಲ ಹಳೆಯದಲ್ಲ. ಕಳೆದುಹೋದ ಭಾಗಕ್ಕೆ ಹೊಸ ಓಕ್ ಸೇರಿಸಿದ್ದಾರೆ, ನಂತರದ ಕಾಲದ ಚಿಮಣಿ ಕೈಬಿಟ್ಟಿದ್ದಾರೆ.

ಒಳಗೆ ಕತ್ತಲೆ. ಹೆಚ್ಚಿನವರು ಫೋಟೊ ಹೊಡೆದು ಹೊರಬೀಳುತ್ತಾರೆ. ನೀವು ನಡುಮನೆಯಲ್ಲಿ ನಿಂತು ಟಾರ್ಚನ್ನು ಮೇಲಕ್ಕೆ ಬಿಡಿ. ಅಲ್ಲಿ ಅಟ್ಟವಿಲ್ಲ, ಸೂರಿನವರೆಗೂ ಬಯಲು. ಒಲೆ ನೆಲದ ಮಧ್ಯೆಯೇ, ಹೊಗೆ ಮೇಲಕ್ಕೇರಿ ತಾನಾಗಿ ಹೊರಹೋಗಬೇಕು; ಅದಕ್ಕೇ ಜಂತೆಗಳಲ್ಲಿ ಮಸಿ. ನಡುಗಂಬ ನಿಲ್ಲಿಸಲು ಜಾಗವಿಲ್ಲದ್ದರಿಂದ ಪಕ್ಕದ ಕಂಬಗಳಿಂದ ಬಾಗಿದ ಆನಿಕೆ ಕೊಟ್ಟು ಅಡ್ಡತೊಲೆ ಹೊರಿಸಿದ್ದಾರೆ. ಕಿಟಕಿಗೆ ಗಾಜಿಲ್ಲ, ಮರದ ಕಂಬಿಗಳು ಮತ್ತು ಕದ ಮಾತ್ರ. ಬೆಂಕಿ ಹಾಕಿದ ದಿನ ಅಸ್ತಮಾ ಇರುವವರು ಬಾಗಿಲಲ್ಲೇ ನಿಲ್ಲುವುದು ಲೇಸು. ಬಟ್ಟೆಗೆ ಹಿಡಿದ ವಾಸನೆ ರೈಲಿನಲ್ಲೂ ಬಿಡದು.

ನಡುಮನೆಯ ಭಾಗ 1405–30ರದು. ಯಜಮಾನರ ಕೋಣೆಗಳಿರುವ ತುದಿ ಸುಮಾರು 1505–10ರದು. ಹೊರಗಿಂದ ನೋಡಿ: ಎರಡು ತುದಿಗಳ ಮೇಲಂತಸ್ತು ಮುಂದೆ ಚಾಚಿದೆ, ನಡುವಿನ ಗೋಡೆ ಹಿಂದೆ ಸರಿದಿದೆ, ಮೇಲೆ ಮಾತ್ರ ಒಂದೇ ಹೆಂಚಿನ ಸೂರು.

ಗೋಡೆ ಹೆಣೆದ ಕಡ್ಡಿಯ ಮೇಲೆ ಮಣ್ಣು, ಹುಲ್ಲು, ಸಗಣಿ ಮೆತ್ತಿದ್ದು. ನಮ್ಮ ಹಳ್ಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಕಡೆ ಇಂಥ ಗೋಡೆಗೆ ಸಿಮೆಂಟ್ ಬಳಿದಿರುವುದು ಕಂಡರೆ ಅದರ ಅಂಚಿನ ತೊಲೆ ನೋಡಿ. ತೇವ ಹೊರಬರಲಾಗದೆ ಮರ ಕೊಳೆಯುವುದು ಅಲ್ಲಿಂದಲೇ.

ಬೇಲೀಫ್ ಆದ ಮೇಲೆಯೇ ಅದೇ ಆವರಣದ ಪೆಂಡೀನ್ ಮನೆಗೆ ಹೋಗಿ. 1609ರದು, ನಡುವೆ ಇಟ್ಟಿಗೆ ಚಿಮಣಿ. ಹೊಗೆಗೆ ದಾರಿ ಸಿಕ್ಕಿದ್ದರಿಂದ ಮನೆಯುದ್ದಕ್ಕೂ ಮಹಡಿ ಹಾಕಲು ಬಂತು.